ಬಿಟ್ಟಿ ಎಂದರೆ ಯಾರ ಬೆವರು?

ಈ ಸಂಚಿಕೆಯ ಮುಖಪುಟಕ್ಕೆ ಒಂದು ಚಿತ್ರ ಬೇಕಿತ್ತು. ಯಾವಾಗಲೂ ಬರೆದುಕೊಡುವ ಗೆಳೆಯ ಜ್ವರ ಬಂದು ಮಲಗಿದ್ದ. ಅಚ್ಚಿನ ಮನೆಯವರು ನಾಳೆ ಬೆಳಗ್ಗೆಯೇ ಬೇಕು ಅಂದರು. ಆಗ ನಮ್ಮಲ್ಲೇ ಒಬ್ಬ ಜೇಬಿನಿಂದ ಮೊಬೈಲ್ ತೆಗೆದ. "ಇದಕ್ಕೆ ಹೇಳಿದ್ರೆ ಆಯ್ತಪ್ಪ, ಎರಡು ನಿಮಿಷದಲ್ಲಿ ಬರೆದು ಕೊಡ್ತದೆ. ಅದೂ ಬಿಟ್ಟಿ" ಅಂದ.

ಬಿಟ್ಟಿ! ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಪದದ ಅರ್ಥ ತಿಳಿಯಲು ನಮಗೆ ನಿಘಂಟು ಬೇಕಾಗಿಲ್ಲ. ಗೌಡರ ಮನೆ ಮದುವೆಗೆ ಸೌದೆ ಒಡೆದವರು, ಜಾತ್ರೆಗೆ ಮೂರು ರಾತ್ರಿ ತಮಟೆ ಬಡಿದವರು, ಸತ್ತ ದನ ಹೊತ್ತವರು, ಎಲ್ಲರೂ ಬಿಟ್ಟಿ. ಬಿಟ್ಟಿ ಎಂದರೆ ಬೆಲೆ ಇಲ್ಲದ್ದು ಅಂತ ಅಲ್ಲ. ಕೊಡಬೇಕಾದವನು ಕೊಡದೆ ಉಳಿಸಿಕೊಂಡದ್ದು ಅಂತ. ಇದು ನಮ್ಮ ತಾತಂದಿರ ಬೆನ್ನು ನಮಗೆ ಕಲಿಸಿದ ಪಾಠ. ಹಾಗಾದರೆ ಈ ಮೊಬೈಲಿನೊಳಗಿಂದ ಬಿಟ್ಟಿ ಬರುವ ಚಿತ್ರಕ್ಕೆ ದುಡಿದವರು ಯಾರು? ಕೂಲಿ ಉಳಿಸಿಕೊಂಡವರು ಯಾರು?

ಆ ರಾತ್ರಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಈ ಯಂತ್ರದ ಹೊಟ್ಟೆಯಲ್ಲಿ ಏನಿದೆ ನೋಡೋಣ. ಕೋಟಿ ಕೋಟಿ ಚಿತ್ರಗಳನ್ನು, ಅವುಗಳ ಜೊತೆಗಿರುವ ಬರಹದ ಸಮೇತ ಯಂತ್ರಕ್ಕೆ ಉಣಿಸುತ್ತಾರೆ. ಒಂದೊಂದು ಚಿತ್ರದ ಮೇಲೂ ಧೂಳು ಎರಚಿದ ಹಾಗೆ ಮಸುಕು ಮಾಡುತ್ತಾರೆ. ಆ ಧೂಳನ್ನು ಒರೆಸಿ ಚಿತ್ರವನ್ನು ಹೊರತೆಗೆಯುವುದು ಹೇಗೆ ಎಂದು ಅಭ್ಯಾಸ ಮಾಡಿಸುತ್ತಾರೆ. ಕಡೆಗೆ ಬರೀ ಧೂಳನ್ನೇ ಕೊಟ್ಟು 'ಮಳೆಯಲ್ಲಿ ನಿಂತ ಎಮ್ಮೆ' ಎಂದರೆ ಸಾಕು, ಧೂಳಿನೊಳಗಿಂದ ಎಮ್ಮೆ ಎದ್ದು ಬರುತ್ತದೆ. ಚಿತ್ರಗಳನ್ನು ಅದು ಗಂಟು ಕಟ್ಟಿ ಇಟ್ಟುಕೊಂಡಿರುವುದಿಲ್ಲ, ನಿಜ. ಆದರೆ ಆ ಕೋಟಿ ಚಿತ್ರಗಳನ್ನು ಯಾರೋ ಬರೆದಿರದಿದ್ದರೆ ಅದಕ್ಕೆ ಎಮ್ಮೆಗೆ ಕೊಂಬಿದೆ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಇಂಥ ಯಂತ್ರ ಎಲ್ಲರ ಕೈಗೂ ಬಂತು. ಅದರ ಕಲಿಕೆಗೆ ಆಧಾರವಾದದ್ದು ಜರ್ಮನಿಯ ಲಯಾನ್ ಸಂಸ್ಥೆ ಅಂತರ್ಜಾಲವನ್ನು ಗುಡಿಸಿ ಮಾಡಿದ ಪಟ್ಟಿ. 585 ಕೋಟಿ ಚಿತ್ರಗಳ ವಿಳಾಸ ಮತ್ತು ಬರಹ ಅದರಲ್ಲಿತ್ತು. ಬದುಕಿರುವ, ಈ ಹೊತ್ತು ಮನೆ ಬಾಡಿಗೆ ಕಟ್ಟಲು ಚಿತ್ರ ಬರೆಯುತ್ತಿರುವ ಜನರ ಕೆಲಸ ಅದರಲ್ಲಿತ್ತು. ಅವರನ್ನು ಕೇಳಿದವರು ಯಾರು? ಯಾರೂ ಇಲ್ಲ.

"ಕಲಾಶಾಲೆ ಹುಡುಗರೂ ದೊಡ್ಡವರ ಚಿತ್ರ ನೋಡ್ಕಂಡೇ ಕಲಿಯೋದಲ್ವಾ, ಯಂತ್ರ ಕಲಿತರೆ ಏನ್ ತಪ್ಪು?" ಎಂದು ಗೆಳೆಯ ಕೇಳಿದ. ಕಲಿತ ಹುಡುಗ ನಾಳೆ ಇನ್ನೊಬ್ಬ ಚಿತ್ರಕಾರನಾಗುತ್ತಾನೆ. ಅವನಿಗೂ ಹೊಟ್ಟೆ ಇದೆ, ಅವನೂ ಕೂಲಿ ಕೇಳುತ್ತಾನೆ, ನಮ್ಮ ಸಾಲಿನಲ್ಲೇ ಬಂದು ನಿಲ್ಲುತ್ತಾನೆ. ಕಲಿತ ಯಂತ್ರವಾದರೋ ಒಬ್ಬ ಧಣಿಯ ಆಸ್ತಿ. ಕಲಿಸಿದವರ ಹೊಟ್ಟೆಗೆ ಹೊಡೆಯಲೆಂದೇ ಅದನ್ನು ಬಾಡಿಗೆಗೆ ಬಿಡುತ್ತಾರೆ. ಇವೆರಡೂ ಒಂದೇ ಎನ್ನುವವರು ಹೊಟ್ಟೆ ತುಂಬಿದವರು.

ಆದರೆ ಗೆಳೆಯರೇ, ನಮ್ಮ ಸಿಟ್ಟು ಯಂತ್ರ ಕಟ್ಟಿದವರ ಮೇಲೆ ಮಾತ್ರ ಅಲ್ಲ. ಇನ್ನೊಂದು ಗುಂಪಿದೆ. ಚಿತ್ರಕಾರರಿಗೆ ಕುಂಚ ಮಾರಿ, ಬಣ್ಣ ಮಾರಿ, ಹಾಳೆ ಮಾರಿ ಬೆಳೆದವರು. ಇವತ್ತಿನ ಕುಂಚ ಕೂದಲಿನದಲ್ಲ, ಕಂಪ್ಯೂಟರಿನೊಳಗಿನದು. ಪುಸ್ತಕದ ಮುಖಪುಟ, ಸಿನಿಮಾ ಪೋಸ್ಟರು, ಚುನಾವಣೆಯ ಫ್ಲೆಕ್ಸು ಎಲ್ಲ ಅದರಿಂದಲೇ. ಆ ಕುಂಚ ಮಾರುವ ಕಂಪನಿಗಳು ಚಿತ್ರಕಾರನ ಅನ್ನದಿಂದಲೇ ಅನ್ನ ತಿಂದವು. ಅವನ ಕೈಯನ್ನೇ ಕತ್ತರಿಸುವ ಯಂತ್ರ ಬಂದಾಗ ಅವು ಯಾರ ಕಡೆ ನಿಂತವು?

ದೊಡ್ಡ ಧಣಿಯಿಂದಲೇ ಶುರು ಮಾಡೋಣ. ಅಡೋಬ್ ಕಂಪನಿ 1990ರಲ್ಲಿ ಫೋಟೋಶಾಪ್ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಒಮ್ಮೆ ದುಡ್ಡು ಕೊಟ್ಟರೆ ತಂತ್ರಾಂಶ ನಿಮ್ಮ ಬಳಿಯೇ ಉಳಿಯುತ್ತಿತ್ತು. 2013ರಲ್ಲಿ ಕಂಪನಿ ನಿಯಮ ಬದಲಿಸಿತು. ಹೊಸದಾಗಿ ಬರುವುದು ಯಾವುದೂ ಮಾರಾಟಕ್ಕಿಲ್ಲ, ಕಂತು ಕಟ್ಟಿ ಬಳಸಿ, ಕಂತು ನಿಂತರೆ ಕುಂಚವೂ ಕೈ ತಪ್ಪುತ್ತದೆ ಎಂದಿತು. ನಮ್ಮ ನಾಡಿನಲ್ಲಿ 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಲು ಹೊರಟಿತ್ತು. ಇಲ್ಲಿ ಉಲ್ಟಾ. ಒಡೆಯನಾಗಿದ್ದವನನ್ನೇ ಗೇಣಿದಾರನನ್ನಾಗಿ ಮಾಡಿದರು. ಹೊಲ ಬಿಟ್ಟು ಹೋಗುವುದೂ ಸುಲಭವಿಲ್ಲ. ವರ್ಷದ ಮಧ್ಯೆ ಬಿಟ್ಟರೆ ಕಟ್ಟಬೇಕಾದ ದಂಡವನ್ನು ಗಿರಾಕಿಗಳಿಗೆ ಕಾಣದ ಹಾಗೆ ಬಚ್ಚಿಟ್ಟಿದೆ ಎಂದು ಆರೋಪಿಸಿ 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವೇ ಈ ಕಂಪನಿಯ ಮೇಲೆ ದಾವೆ ಹೂಡಿತು.

ಅದೇ ಜೂನ್ ತಿಂಗಳಲ್ಲಿ ಇನ್ನೊಂದು ನಡೆಯಿತು. ಚಿತ್ರಕಾರರು ಬೆಳಗ್ಗೆ ಎದ್ದು ಫೋಟೋಶಾಪ್ ತೆರೆದರೆ ಎದುರಿಗೆ ಒಂದು ಕರಾರು ಪತ್ರ. 'ಒಪ್ಪಿದ್ದೇನೆ' ಅನ್ನುವ ಗುಂಡಿ ಒತ್ತು, ಆಮೇಲೆ ಒಳಗೆ ಬಾ. ಯಂತ್ರದ ಮೂಲಕವೂ ಮನುಷ್ಯರ ಮೂಲಕವೂ ನಿನ್ನ ಕೆಲಸವನ್ನು ಕಂಪನಿ ನೋಡಬಹುದು ಎಂಬ ಮಾತು ಅದರಲ್ಲಿತ್ತು. ಒತ್ತದಿದ್ದರೆ? ಅರ್ಧ ಬರೆದ ಚಿತ್ರ ಒಳಗೆ, ಬರೆದವನು ಹೊರಗೆ. ನಾಳೆ ಒಪ್ಪಿಸಬೇಕಾದ ಕೆಲಸ ಇಟ್ಟುಕೊಂಡವನು ಏನು ಮಾಡಿಯಾನು? ಒತ್ತಿದ.

ಈ ಪತ್ರ ನಮಗೆ ಗೊತ್ತು. ಓದಲು ಬಾರದ ನಮ್ಮ ತಾತ ಸಾವ್ಕಾರನ ಪಡಸಾಲೆಯ ಕೆಳಗೆ ನಿಂತು ಹೆಬ್ಬೆಟ್ಟು ಒತ್ತಿದ್ದು ಇಂಥದೇ ಪತ್ರಕ್ಕೆ. ಅಮೆರಿಕದ ಚಿತ್ರಕಾರ ಜೀತದಾಳು ಅಂತ ನಾವು ಹೇಳುತ್ತಿಲ್ಲ. ಹಾಗಂದರೆ ನಮ್ಮ ತಾತನಿಗೇ ಅವಮಾನ. ಅವನಿಗೆ ಓದು ಬರುತ್ತದೆ, ಮೈ ಮೇಲೆ ಚಾಟಿ ಬೀಳುವುದಿಲ್ಲ. ಆದರೆ ಪತ್ರದ ಗುಣ ಒಂದೇ. ಒಲ್ಲೆ ಅನ್ನಲು ಜಾಗವಿಲ್ಲದ ಕಡೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಇಷ್ಟನ್ನು ತಿಳಿಯಲು ವಕೀಲರಾಗಬೇಕಿಲ್ಲ, ಸಾಲಗಾರನ ಮೊಮ್ಮಕ್ಕಳಾದರೆ ಸಾಕು.

ಜನ ರೊಚ್ಚಿಗೆದ್ದರು. ಸಾವಿರಾರು ಚಿತ್ರಕಾರರು ಬಯಲಲ್ಲಿ ನಿಂತು ಬೈದರು. ಆಗ ಅಡೋಬ್ ಬಾಯಿ ಬಿಟ್ಟಿತು: ಗಿರಾಕಿಗಳ ಕೆಲಸವನ್ನು ನಮ್ಮ ಚಿತ್ರಯಂತ್ರಕ್ಕೆ ಕಲಿಸಲು ಬಳಸಿಲ್ಲ, ಬಳಸುವುದೂ ಇಲ್ಲ ಎಂದಿತು. ಅದೇ ತಿಂಗಳಲ್ಲಿ ಕರಾರನ್ನೂ ತಿದ್ದಿ ಬರೆಯಿತು. ಆ ಸಾಲನ್ನು ಮೊದಲೇ ಬರೆಯಲು ಏನು ರೋಗ ಬಂದಿತ್ತು? ಬೈಸಿಕೊಳ್ಳುವ ತನಕ ಬರೆಯಲಿಲ್ಲ, ಅಷ್ಟೆ.

ಆ ಕಂಪನಿಯ ಚಿತ್ರಯಂತ್ರದ ಹೆಸರು ಫೈರ್‌ಫ್ಲೈ. 2023ರ ಮಾರ್ಚ್‌ನಲ್ಲಿ ಹೊರಬಂತು. ನಮ್ಮದು ಕಳ್ಳಮಾಲಲ್ಲ, ಅಡೋಬ್ ಸ್ಟಾಕ್ ಎಂಬ ನಮ್ಮದೇ ಮಳಿಗೆಯ ಚಿತ್ರಗಳು, ಬಳಸಲು ಅನುಮತಿಯಿರುವವು, ಹಕ್ಕಿನ ಅವಧಿ ಮುಗಿದವು, ಇಷ್ಟರಿಂದಲೇ ಕಲಿಸಿದ್ದು ಎಂದು ಕಂಪನಿ ಎದೆ ತಟ್ಟಿಕೊಂಡಿತು. ಬೇರೆಯವರಿಗಿಂತ ವಾಸಿ, ಒಪ್ಪುತ್ತೇವೆ. ಆದರೆ ಆ ಮಳಿಗೆಗೆ ಚಿತ್ರ ಕೊಟ್ಟವರ ಕಡೆಯಿಂದ ನೋಡಿ. ಯಾರಾದರೂ ಕೊಂಡರೆ ನಮಗಿಷ್ಟು ಪಾಲು ಎಂದು ನಂಬಿ ಅವರು ವರ್ಷಗಳ ಹಿಂದೆ ಕೊಟ್ಟಿದ್ದರು. ಇಂಥ ಯಂತ್ರವೊಂದು ಹುಟ್ಟುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಹೊಸ ಸೌಲಭ್ಯ ಬೆಳೆಸಲು ಬಳಸಬಹುದು ಎಂದು ಹಳೆಯ ಕರಾರಿನಲ್ಲೇ ಇದೆಯಲ್ಲ ಅಂದಿತು ಕಂಪನಿ. ನನ್ನದು ಬೇಡ ಎಂದು ಹೊರಗುಳಿಯಲು ಅವರಿಗೆ ಬಾಗಿಲೇ ಇರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅವರ ಕೈಗೆ 'ಬೋನಸ್' ಅಂತ ಒಂದಿಷ್ಟು ಹಾಕಿದರು. ಎಷ್ಟು ಎಂದು ತೀರ್ಮಾನಿಸಿದವರು ಕೊಟ್ಟವರೇ. ಕಣದಲ್ಲಿ ರಾಶಿ ಮಾಡಿದ ಮೇಲೆ ಧಣಿ ತನಗೆ ತೋಚಿದಷ್ಟು ಮೊರದಲ್ಲಿ ಸುರಿಯುತ್ತಿದ್ದನಲ್ಲ, ಹಾಗೆ. ಅದಕ್ಕೆ ದಾನ ಅನ್ನಬಹುದು, ಕೂಲಿ ಅನ್ನಬಾರದು.

ಆ ಮಡಿಯಾದರೂ ನೆಟ್ಟಗಿತ್ತೇ? ಫೈರ್‌ಫ್ಲೈಗೆ ಉಣಿಸಿದ ಚಿತ್ರಗಳಲ್ಲಿ ನೂರಕ್ಕೆ ಸುಮಾರು ಐದು ಬೇರೆ ಯಂತ್ರಗಳೇ ಬರೆದವು ಎಂದು 2024ರ ಏಪ್ರಿಲ್‌ನಲ್ಲಿ ಬಯಲಾಯಿತು. ಮುಂಬಾಗಿಲಲ್ಲಿ ಮಡಿ, ಹಿತ್ತಲಲ್ಲಿ ಎಲ್ಲ ನಡೆಯುತ್ತದೆ. ಈ ನಾಟಕ ನಮಗೆ ಹೊಸದೇನಲ್ಲ. ಅದೇ ವರ್ಷ ಆನ್ಸೆಲ್ ಆಡಮ್ಸ್ ಎಂಬ ಹೆಸರಾಂತ ಛಾಯಾಗ್ರಾಹಕನ ಶೈಲಿಯ ಚಿತ್ರಗಳು ಎಂದು ಯಂತ್ರದ ಮಾಲನ್ನು ಆ ಮಳಿಗೆಯಲ್ಲಿ ಅವನ ಹೆಸರಿನಲ್ಲೇ ಮಾರುತ್ತಿದ್ದರು. ಅವನು 1984ರಲ್ಲೇ ತೀರಿಕೊಂಡವನು. ಅವನ ಹಕ್ಕುದಾರರು ಬಹಿರಂಗವಾಗಿ ಕೂಗಿದ ಮೇಲೆ ಕಂಪನಿ ತೆಗೆದುಹಾಕಿತು. ಮತ್ತೆ ಅದೇ: ಕೂಗಿದ ಮೇಲೆ.

ಈ ಕೂಗಿನ ಮಾತನ್ನು ಬಿಡಬೇಡಿ. ನಮ್ಮ ಲೇಖನದ ತಿರುಳೇ ಅದು.

ಜಪಾನಿನ ಸೆಲ್ಸಿಸ್ ಕಂಪನಿಯದು ಕ್ಲಿಪ್ ಸ್ಟುಡಿಯೋ ಪೇಂಟ್ ಎಂಬ ಕುಂಚ. ಚಿತ್ರಕಥೆ ಬರೆಯುವವರು ಜಗತ್ತಿನಾದ್ಯಂತ ಬಳಸುತ್ತಾರೆ. 2022ರ ನವೆಂಬರ್ 29ರಂದು ಆ ಕಂಪನಿ, ಸ್ಟೇಬಲ್ ಡಿಫ್ಯೂಷನ್ ಯಂತ್ರವನ್ನು ನಮ್ಮ ಕುಂಚದೊಳಗೇ ಕೂರಿಸುತ್ತೇವೆ ಎಂದು ಸಾರಿತು. ಬಳಸುವವರು ತಿರುಗಿಬಿದ್ದರು. ಡಿಸೆಂಬರ್ 2ಕ್ಕೆ ಕಂಪನಿ ಕ್ಷಮೆ ಕೇಳಿ ಅದನ್ನು ಕೈಬಿಟ್ಟಿತು. ಮೂರೇ ದಿನ! ಅದೇ ನವೆಂಬರಿನಲ್ಲಿ ಡೀವಿಯಂಟ್‌ಆರ್ಟ್ ಎಂಬ ಚಿತ್ರಶಾಲೆ ತನ್ನದೊಂದು ಯಂತ್ರ ತಂದಿತು. ಯಾರ ಚಿತ್ರ ಯಂತ್ರಗಳ ಕಲಿಕೆಗೆ ಬೇಡವೋ ಅವರೇ ಬಂದು 'ಬೇಡ' ಅನ್ನಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದಿತು. ಚಿತ್ರಕಾರರು ಬೀದಿಗಿಳಿದವರಂತೆ ಕೂಗಿದರು. ದಿನ ಕಳೆಯುವುದರೊಳಗೆ ನಿಯಮ ತಲೆಕೆಳಗಾಯಿತು: ಎಲ್ಲರ ಚಿತ್ರಕ್ಕೂ ಮೊದಲೇ 'ಬೇಡ' ಎಂಬ ಗುರುತು. ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡವರ ಲೆಕ್ಕದ ಪುಸ್ತಕವನ್ನು ಕೂಗು ಹರಿದುಹಾಕಿತು.

ಇನ್ನೊಬ್ಬ ಒಳ್ಳೆಯ ಧಣಿ ಇದ್ದಾನೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಪ್ರೊಕ್ರಿಯೇಟ್ ಕಂಪನಿಯ ಮುಖ್ಯಸ್ಥ ಜೇಮ್ಸ್ ಕುಡಾ. 2024ರ ಆಗಸ್ಟ್‌ನಲ್ಲಿ ಅವನು ಚಿತ್ರ ಹುಟ್ಟಿಸುವ ಈ ಯಂತ್ರಗಳನ್ನು ಕಂಡರೆ ನನಗೆ ಅಸಹ್ಯ ಎಂದು ಬೈಗುಳ ಸಮೇತ ಹೇಳಿ, ನಮ್ಮ ತಂತ್ರಾಂಶಕ್ಕೆ ಅದನ್ನು ಸೇರಿಸುವುದಿಲ್ಲ ಎಂದ. ಅದು ಕಳ್ಳತನದ ಮೇಲೆ ಕಟ್ಟಿದ್ದು ಎಂದು ಅವನ ಕಂಪನಿ ಬರೆಯಿತು. ಲಕ್ಷಾಂತರ ಜನ ಜೈ ಅಂದರು. ನಮಗೂ ಖುಷಿಯಾಯಿತು. ಸುಳ್ಳೇಕೆ? ಆದರೆ ಹಾರ ಹಾಕುವ ಮೊದಲು ಸ್ವಲ್ಪ ನಿಲ್ಲೋಣ. ಅವನ ಕುಂಚ ಒಂದೇ ಸಲ ಕೊಳ್ಳುವಂಥದು, ತಿಂಗಳ ಕಂತಿಲ್ಲ. ಅವನ ವ್ಯಾಪಾರವೇ ಬರೆಯುವ ಕೈಗಳನ್ನು ನಂಬಿದೆ. ಅದು ಓಡುವುದು ಆಪಲ್ ಕಂಪನಿಯ ಹತ್ತಾರು ಸಾವಿರ ರೂಪಾಯಿಯ ಐಪ್ಯಾಡ್ ಮೇಲೆ. ನಮ್ಮ ಕೇರಿಯ ಹುಡುಗನ ಕೈಗೆ ಅದು ಎಲ್ಲಿಂದ ಬರಬೇಕು? ಅದಕ್ಕಿಂತ ಹೆಚ್ಚಾಗಿ, ಅದು ಒಬ್ಬ ಯಜಮಾನನ ಮಾತು. ಒಳ್ಳೆಯ ಯಜಮಾನ ಸತ್ತರೆ, ಮಾರಿಕೊಂಡರೆ, ಮನಸ್ಸು ಬದಲಿಸಿದರೆ? ಒಳ್ಳೆಯ ಗೌಡನ ಕಾಲದಲ್ಲಿ ಹೊಟ್ಟೆ ತುಂಬಾ ಉಂಡೆವು ಎನ್ನುವುದು ಹಕ್ಕಿನ ಕಥೆಯಲ್ಲ.

ಬೇಕಾದರೆ ನೋಡಿ. ಬ್ರಿಟನ್ನಿನ ಅಫಿನಿಟಿ ತಂತ್ರಾಂಶವೂ 'ಕಂತಿನ ಕಾಟವಿಲ್ಲ' ಎಂದೇ ಹೆಸರು ಮಾಡಿತ್ತು. 2024ರ ಮಾರ್ಚ್‌ನಲ್ಲಿ ಕ್ಯಾನ್ವಾ ಕಂಪನಿ ಅದನ್ನು ಕೊಂಡಿತು. 2025ರ ಅಕ್ಟೋಬರಿನಲ್ಲಿ ಕುಂಚವನ್ನು ಪುಕ್ಕಟೆ ಮಾಡಿತು, ಒಳಗಿರುವ ಕೃತಕ ಬುದ್ಧಿಮತ್ತೆಗೆ ಮಾತ್ರ ಕ್ಯಾನ್ವಾ ಚಂದಾ ಕಟ್ಟಿ ಎಂದಿತು. ಬರೆಯುವ ಕೈಗೆ ಬೆಲೆ ಸೊನ್ನೆ, ಯಂತ್ರಕ್ಕೆ ಬೆಲೆ. ಕಾಲ ಎತ್ತ ಹೊರಳಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಇದರ ಪಕ್ಕದಲ್ಲೇ ಕ್ರಿಟಾ ಎಂಬ ಇನ್ನೊಂದು ಕುಂಚವಿದೆ. ಅದೂ ಪುಕ್ಕಟೆ. ಆದರೆ ಕಟ್ಟಿದವರು ತಾವೇ ಇಷ್ಟಪಟ್ಟು ಹಂಚಿದ್ದಾರೆ, ಒಳಗುಟ್ಟನ್ನೂ ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ, ದೇಣಿಗೆಯಿಂದ ನಡೆಸುತ್ತಾರೆ. ಕೊಟ್ಟದ್ದು ಬೇರೆ, ಕಿತ್ತುಕೊಂಡದ್ದು ಬೇರೆ. ನಮ್ಮ ಜಗಳ ದುಡ್ಡಿಲ್ಲದೆ ಸಿಗುವುದರ ಮೇಲಲ್ಲ, ಕೇಳದೆ ಎತ್ತಿಕೊಂಡದ್ದರ ಮೇಲೆ.

ಈಗ ನಮ್ಮವರದೇ ಪ್ರಶ್ನೆಗೆ ಬರೋಣ. ಅದು ಹಗುರವಾದ ಪ್ರಶ್ನೆಯಲ್ಲ. "ಚಿತ್ರ ಕಲಿಯೋಕೆ ನಮ್ಗೆ ಯಾರು ಬಿಟ್ರು? ಕಲಾಶಾಲೆ ಫೀಸು ಕಟ್ಟೋರು ಯಾರು? ಇವತ್ತು ಯಂತ್ರ ಬಂದು ಕೂಲಿಯವನ ಮಗನೂ ಬಾಯಲ್ಲಿ ಹೇಳಿ ಚಿತ್ರ ಬರೆಸಬೋದು. ಯಂತ್ರಕ್ಕೆ ಜಾತಿ ಇಲ್ಲ. ನೀವು ಮೇಲ್ಜಾತಿ ಕಲಾವಿದರ ಪರ ವಕಾಲತ್ತು ಹಾಕ್ತಿದೀರಾ?" ಎಂದು ಗೆಳೆಯ ಕೇಳಿದ.

ನಾವು ಯಂತ್ರದ ವೈರಿಗಳಲ್ಲ. ರಾಟೆಗೆ ಹಿಂದಿರುಗಿ ಅನ್ನುವವರ ಮಾತನ್ನು ಬಾಬಾಸಾಹೇಬರೇ ಒಪ್ಪಲಿಲ್ಲ. ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿ 1945ರಲ್ಲಿ ಹೊರತಂದ ಪುಸ್ತಕದಲ್ಲಿ ಅವರು ಯಂತ್ರದ ಪರವಾಗಿಯೇ ವಾದಿಸಿದ್ದಾರೆ. ದುಡಿಯುವವನಿಗೆ ಬಿಡುವು ಕೊಡುವುದು ಯಂತ್ರವೇ; ಅದರಿಂದ ಕೆಡುಕಾಗಿದ್ದರೆ ತಪ್ಪು ಯಂತ್ರದ್ದಲ್ಲ, ಖಾಸಗಿ ಆಸ್ತಿಯನ್ನೂ ಸ್ವಂತ ಲಾಭವನ್ನೂ ದೇವರ ಪೀಠದಲ್ಲಿ ಕೂರಿಸಿದ ಸಮಾಜ ವ್ಯವಸ್ಥೆಯದು ಎಂದರು. ನಮ್ಮ ಮಾತೂ ಅದೇ. ಯಂತ್ರ ಇರಲಿ. ಅದರ ಒಡೆಯ ಯಾರು? ಅದರೊಳಗೆ ಹಾಕಿದ ದುಡಿಮೆ ಯಾರದು? ಅದರಿಂದ ಬಂದ ಬಿಡುವು ಯಾರಿಗೆ, ಲಾಭ ಯಾರಿಗೆ? ಕೂಲಿಯವನ ಮಗ ಬಾಯಲ್ಲಿ ಹೇಳಿ ಚಿತ್ರ ಬರೆಸುತ್ತಾನೆ, ಸರಿ. ಅದೇ ಕೂಲಿಯವನ ಇನ್ನೊಬ್ಬ ಮಗ ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಚಿತ್ರ ಜೋಡಿಸಿ ಬದುಕುತ್ತಿದ್ದಾನಲ್ಲ, ಅವನ ಸಂಬಳ ಮೊದಲು ಹೋಗುತ್ತದೆ. ಕಂಪನಿ ಇಬ್ಬರಿಂದಲೂ ಕಂತು ವಸೂಲು ಮಾಡುತ್ತದೆ. ಕೈಗೆ ಕುಂಚ ಕೊಡದೆ ಬರೀ ಚಿತ್ರ ಕೊಡುವುದು ಕಲಿಸುವುದಲ್ಲ. ಅಕ್ಷರ ಕೊಡದೆ ಹೆಬ್ಬೆಟ್ಟಿಗೆ ಮಸಿ ಕೊಟ್ಟರಲ್ಲ, ಅದರ ಹಾಗೆ.

ಇನ್ನೊಂದು ಚುಚ್ಚು ಮಾತೂ ಬರುತ್ತದೆ. "ಇಪ್ಪತ್ತು ವರ್ಷ ಊರೂರಿನ ಡಿಟಿಪಿ ಅಂಗಡಿಗಳು ಕದ್ದ ಫೋಟೋಶಾಪಿನಲ್ಲೇ ಬದುಕಿದವು. ನಿಮ್ಮ ಪತ್ರಿಕೆಯೂ ಅಲ್ಲೇ ತಯಾರಾಯಿತು. ಈಗ ಕಳ್ಳತನ ಅಂತ ಅಳ್ತೀರಾ?" ಹೌದು, ತಯಾರಾಯಿತು. ಮುಚ್ಚಿಡುವುದಿಲ್ಲ, ಸರಿ ಎಂದೂ ವಾದಿಸುವುದಿಲ್ಲ. ಆದರೆ ಒಂದು ಪ್ರಶ್ನೆ. ಡಿಟಿಪಿ ಹುಡುಗ ಒಂದು ತಂತ್ರಾಂಶ ಕದ್ದರೆ ಪೊಲೀಸರು ಬರುತ್ತಾರೆ. ಕಂಪನಿಗಳು ಕೋಟಿ ಕೋಟಿ ಚಿತ್ರ ಎತ್ತಿದರೆ ಅದಕ್ಕೆ 'ಸಂಶೋಧನೆ', 'ನ್ಯಾಯಯುತ ಬಳಕೆ' ಅಂತ ಹೆಸರು. ಒಂದು ತೆನೆ ಕಿತ್ತವನು ಕಳ್ಳ, ಇಡೀ ಹೊಲ ಒತ್ತರಿಸಿದವನು ಜಮೀನ್ದಾರ. ಕಾನೂನಿನ ಕಣ್ಣು ಯಾರ ಕಡೆಗಿದೆ ಎನ್ನುವುದೇ ನಮ್ಮ ಪ್ರಶ್ನೆ.

ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಜಾನಪದ ಸಂಗ್ರಹಗಳೆಂದು ಎಷ್ಟೊಂದು ಪುಸ್ತಕಗಳು ಬಂದವು! ಸಂಗ್ರಹಿಸಿದ ಪಂಡಿತರ ಹೆಸರು ಮುಖಪುಟದಲ್ಲಿ, ಹಾಡಿದ ಅಜ್ಜಿಯ ಹೆಸರು ಎಷ್ಟೋ ಪುಸ್ತಕಗಳಲ್ಲಿ ಒಳಗೂ ಇಲ್ಲ. ಕೇಳದೆ ಎತ್ತಿಕೊಳ್ಳುವುದನ್ನು ಕಂಪ್ಯೂಟರ್ ಕಂಡುಹಿಡಿಯಲಿಲ್ಲ. ಅದು ಹೋಗಲಿ, ಕೇರಿ ಕೇರಿಯ ಗೋಡೆಗೆ ಬಾಬಾಸಾಹೇಬರ ನೀಲಿ ಕೋಟನ್ನು, ಕೈಯಲ್ಲಿನ ಪುಸ್ತಕವನ್ನು ಬರೆದ ಪೇಂಟರುಗಳು ಎಷ್ಟು ಜನ? ಅವರಲ್ಲಿ ಒಬ್ಬರ ಹೆಸರನ್ನಾದರೂ ನಾವು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದೇವಾ? ಇಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇವೆ.

ಹಾಗಾಗಿ ನಾವು ಕೇಳುತ್ತಿರುವುದು ದೊಡ್ಡ ಕಲಾವಿದರ ಪ್ರತಿಭೆಗೆ ಬೇಲಿ ಹಾಕಿ ಎಂದಲ್ಲ. ದುಡಿದ ಕೈಗೆ ಸಲ್ಲಬೇಕಾದದ್ದು. ಮೊದಲು ಕೇಳಿ, ಹೂಂ ಅನ್ನದ ತನಕ ಉಹೂಂ ಎಂದೇ ಬರೆದುಕೊಳ್ಳಿ. ಕೂಲಿ ಕೊಡಿ; ದರವನ್ನು ಚಿತ್ರಕಾರರ ಸಂಘಟನೆಯ ಎದುರು ಕೂತು ಮಾತಾಡಿ, ಬೋನಸ್ ಎಂದು ಎಸೆಯಬೇಡಿ. ಒಲ್ಲೆ ಎಂದವನ ಕುಂಚ ಕಿತ್ತುಕೊಳ್ಳಬೇಡಿ. ಯಂತ್ರಕ್ಕೆ ಏನೇನು ಉಣಿಸಿದಿರಿ ಎಂದು ಬಯಲಲ್ಲಿ ಹೇಳಿ. ಇದೇನು ಆಗದ ಮಾತಲ್ಲ. ಯುರೋಪಿನ ಒಕ್ಕೂಟದ ಕಾಯ್ದೆ 2025ರ ಆಗಸ್ಟ್‌ನಿಂದ, ದೊಡ್ಡ ಯಂತ್ರಗಳನ್ನು ಹೊರತರುವವರು ಕಲಿಕೆಗೆ ಬಳಸಿದ್ದರ ಸಾರಾಂಶ ಪ್ರಕಟಿಸಬೇಕು ಎಂದು ಕಟ್ಟುಮಾಡಿದೆ.

ನಮ್ಮ ದೇಶದಲ್ಲಿ? 2025ರ ಡಿಸೆಂಬರಿನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿಯೊಂದು ತನ್ನ ಸಲಹೆ ಮುಂದಿಟ್ಟಿತು. ಕಂಪನಿಗಳು ಗೌರವಧನ ಕೊಡಲಿ, ಆದರೆ ಕೃತಿ ಮಾಡಿದವರಿಗೆ ಕೊಡುವುದಿಲ್ಲ ಎನ್ನುವ ಅವಕಾಶ ಬೇಡ ಎಂಬುದು ಅದರ ಸಾರ. ಅರ್ಥವಾಯಿತಲ್ಲ? ಕಾಸು ಉಂಟು, 'ಒಲ್ಲೆ' ಇಲ್ಲ. ಒಲ್ಲೆ ಅನ್ನುವ ಹಕ್ಕಿಲ್ಲದ ಕೂಲಿಗೆ ನಮ್ಮ ಊರುಗಳಲ್ಲಿ ಏನು ಹೆಸರಿತ್ತು ಎಂಬುದನ್ನು ಆ ಸಮಿತಿಯವರಿಗೆ ಯಾರಾದರೂ ಹೇಳಬೇಕು. ಇದನ್ನು ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಯವರು ಹೇಳಬೇಕು.

ಸೋತು ಕೂರಲು ಕಾರಣವಿಲ್ಲ. ಸ್ಟೇಬಲ್ ಡಿಫ್ಯೂಷನ್ ಕಟ್ಟಿದವರ ಮೇಲೆ ಅಮೆರಿಕದ ಮೂವರು ಚಿತ್ರಕಾರರು 2023ರ ಜನವರಿಯಲ್ಲಿ ಕೋರ್ಟಿಗೆ ಹೋದರು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಅವರ ಹಕ್ಕುಸ್ವಾಮ್ಯದ ದೂರು ವಿಚಾರಣೆಗೆ ಯೋಗ್ಯ ಎಂದು ಮುಂದೆ ಬಿಟ್ಟರು. ಷಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್ ಎಂಬ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಮನುಷ್ಯನ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದ ಹಾಗೆ ಚಿತ್ರಕ್ಕೆ ಸಣ್ಣ ಬದಲಾವಣೆ ಮಾಡಿ, ಬರೆದವನ ಶೈಲಿಯನ್ನು ಯಂತ್ರ ನಕಲು ಮಾಡದಂತೆ ಅದು ತಡೆಯಲು ನೋಡುತ್ತದೆ. ಎಲ್ಲಕ್ಕಿಂತ ಮೇಲೆ ಆ ಮೂರು ದಿನಗಳನ್ನು ನೆನಪಿಡಿ. ಟೋಕಿಯೋದ ಕಂಪನಿಯೊಂದನ್ನು ಬಗ್ಗಿಸಿದ್ದು ಕೋರ್ಟಲ್ಲ, ಸರ್ಕಾರವಲ್ಲ, ಧಣಿಯ ಒಳ್ಳೆಯತನವೂ ಅಲ್ಲ. ಒಟ್ಟಾಗಿ ಅಂದ 'ಒಲ್ಲೆ'.

ಮುಖಪುಟದ ಕಥೆ ಹೇಳಿ ಮುಗಿಸುತ್ತೇವೆ. ಆ ರಾತ್ರಿ ಮೊಬೈಲನ್ನು ಜೇಬಿಗೆ ಹಾಕಿಸಿದೆವು. ಡಿ.ಎಡ್. ಓದುತ್ತಿರುವ ಒಬ್ಬ ತಂಗಿ ಇದ್ದಿಲು ಹಿಡಿದು ಕೂತು ಬೆಳಗಿನ ಜಾವದ ಹೊತ್ತಿಗೆ ಚಿತ್ರ ಬರೆದುಕೊಟ್ಟಳು. ಎಡಗೈ ಸ್ವಲ್ಪ ಸೊಟ್ಟಗಿದ್ದಂತಿದೆ, ಇರಲಿ. ಮುನ್ನೂರು ರೂಪಾಯಿ ಕೊಟ್ಟೆವು. "ಸಾಲಲ್ಲ ಅಣ್ಣ" ಅಂದಳು. ಸರಿಯಾಗೇ ಅಂದಳು. ಮುಂದಿನ ಸಂಚಿಕೆಗೆ ಐನೂರು ಎಂದು ಮಾತಾಗಿದೆ. ಅವಳ ಹೆಸರು ಈ ಸಲ ಒಳಪುಟದ ಮೂಲೆಯಲ್ಲಿ ಅಲ್ಲ, ಚಿತ್ರದ ಕೆಳಗೇ ಇದೆ. ಪುಟ ತಿರುಗಿಸಿ ಓದಿಕೊಳ್ಳಿ.